ಕೆಥೆಡ್ರಲ್ ರಸ್ತೆಯ ಬಿಳಿ ದೇವಾಲಯ

ಮಕ್ಕಳೇ, ಚೆನ್ನೈಯ ಕೆಥೆಡ್ರಲ್ ರಸ್ತೆಯಲ್ಲಿ ಓಡಾಡುವಾಗ ಆ ಬಿಳಿಯ ಸೇಂಟ್ ಜಾರ್ಜ್ ದೇವಾಲಯದೊಳಗೆ ಒಮ್ಮೆ ಹೋಗಿ ಬನ್ನಿ. ಕರ್ನಾಟಕದ ಸಿ.ಎಸ್.ಐ. ಚರ್ಚುಗಳೂ ಸೇರಿರುವ ದಕ್ಷಿಣ ಭಾರತ ಸಭೆ 1947ರ ಸೆಪ್ಟೆಂಬರ್ 27ರಂದು ಹುಟ್ಟಿದ್ದು ಅಲ್ಲಿಯೇ.

ಅಂದು ಗುರುದೀಕ್ಷೆ ಗಂಡಸರಿಗೆ ಮಾತ್ರ. ಹೆಂಗಸರು ಶಾಲೆ, ಆಸ್ಪತ್ರೆ ನಡೆಸಿದರು, ಮನೆಮನೆಗೆ ಹೋಗಿ ಬೈಬಲ್ ಓದಿ ಹೇಳಿದರು. ಆದರೆ ಬಲಿಪೀಠದ ಮುಂದೆ ನಿಂತು ಪ್ರಭುಭೋಜನ ನಡೆಸಲು 1976ರವರೆಗೆ ಕಾಯಬೇಕಾಯಿತು. ಈ ಸಭೆಯ ಮೊದಲ ಮಹಿಳಾ ಬಿಷಪ್ ಪುಷ್ಪಲಲಿತಾ ಅವರು ನಂದ್ಯಾಲದಲ್ಲಿ ಪಟ್ಟಕ್ಕೆ ಬಂದದ್ದು 2013ರಲ್ಲಿ. ಅರವತ್ತಾರು ವರ್ಷ!

ನಗಬೇಡಿ, ನಮ್ಮಲ್ಲೇನು ಕಡಿಮೆಯೇ? ಹಬ್ಬದ ದಿನ ಪಾಯಸ ಬಡಿಸುವವರು ನಾವು, ಮೈಕು ಹಿಡಿಯುವವರು ಅವರು. ಆ ದೇವಾಲಯದ ಬೆಂಚಿನಲ್ಲಿ ಅರ್ಧಗಂಟೆ ಸುಮ್ಮನೆ ಕುಳಿತಿದ್ದೆ. ಮನೆಗೆ ಬಂದವಳೇ ಸಂಘದ ಚುನಾವಣೆಯ ಅರ್ಜಿ ತುಂಬಿದೆ.