ಹಿಡಿ ಅಕ್ಕಿಯ ಡಬ್ಬಿ

ಬಸ್ಸು ತಪ್ಪಿದಾಗ ‘ಸ್ತೋತ್ರ’ ಅಂದವರನ್ನು ನಾನು ಈವರೆಗೆ ಒಬ್ಬರನ್ನೇ ಕಂಡಿದ್ದೇನೆ. ಅವಳು ನಮ್ಮ ಅಮ್ಮ. ಅಮ್ಮ ಅಂದರೆ ಹೆತ್ತವಳಲ್ಲ; ನಮ್ಮ ಕಡೆ ಹೆತ್ತವಳು ಅವ್ವ, ಅಪ್ಪನ ತಾಯಿ ಅಮ್ಮ.

ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಲಿಂಗಸುಗೂರಿನ ಬಸ್ಸು ನಮ್ಮ ಕಣ್ಣೆದುರೇ ಹೊಗೆ ಬಿಟ್ಟುಕೊಂಡು ಗೇಟು ದಾಟಿತು. ಆಗ ನಾನು ಮೂರನೆತ್ತೆಯೋ ನಾಲ್ಕನೆತ್ತೆಯೋ. ಓಡಿ ಓಡಿ ಎದೆ ಡಬಡಬ ಬಡಿಯುತ್ತಿತ್ತು. ಅಮ್ಮ ತಲೆಯ ಮೇಲಿನ ಗಂಟು ಇಳಿಸಿ, ಅದರ ಮೇಲೇ ಕುಂತು, ‘ಸ್ತೋತ್ರಪಾ ಸ್ವಾಮಿ’ ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. ‘ಬಸ್ ಹೋತು, ಅದಕ್ಯಾಕ ಸ್ತೋತ್ರ?’ ಅಂದೆ. ‘ಹಸಿವ್ಯಾಗಿತ್ತಲೋ, ರೊಟ್ಟಿ ತಿನ್ನಾಕ ಟೈಮ್ ಸಿಕ್ತು’ ಅಂದವಳೇ ಗಂಟು ಬಿಚ್ಚಿದಳು. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು ದೊಡ್ಡ ಹೋಳು ನನಗೆ ಕೊಟ್ಟಳು.

ಅಮ್ಮನ ಸ್ತೋತ್ರಕ್ಕೆ ಹೊತ್ತುಗೊತ್ತು ಇರಲಿಲ್ಲ. ಕರೆಂಟು ಹೋದರೆ ಸ್ತೋತ್ರ, ಬಂದರೆ ಸ್ತೋತ್ರ. ಮಳೆ ಬಂದರೆ ಸ್ತೋತ್ರ, ಮಾಳಿಗೆ ಸೋರಿದರೆ ಬುಟ್ಟಿ ಇಟ್ಟು ಸ್ತೋತ್ರ. ಒಮ್ಮೆ ಊರಿಗೆ ಬಂದಿದ್ದ ಪಾಸ್ಟರೊಬ್ಬರು ಎರಡು ತಾಸು ಪ್ರಸಂಗ ಮಾಡಿ ‘ಆಮೆನ್’ ಅಂದ ಕೂಡಲೇ ಅಮ್ಮ ಇಡೀ ಸಭೆಗೆ ಕೇಳುವಂತೆ ‘ಸ್ತೋತ್ರ’ ಅಂದಳು. ಆ ದಿನ ಅದು ಯಾವುದಕ್ಕೆ ಅಂತ ಯಾರೂ ಕೇಳಲಿಲ್ಲ.

ಇಷ್ಟು ಹೇಳಿದರೆ ಅವಳೇನೋ ಸುಖದಲ್ಲಿ ತೇಲಿದವಳು ಅಂತ ಅನ್ನಿಸಬಹುದು. ಲಿಂಗಸುಗೂರು ತಾಲೂಕಿನ ಒಣಬೇಸಾಯದ ಊರು ನಮ್ಮದು. ಸಿಂಧನೂರಿನ ಕತೆ ಬೇರೆ. ತುಂಗಭದ್ರಾ ಅಣೆಕಟ್ಟಾಗಿ, ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಅದು ನೆಲ್ಲಿನ ಕಣಜವಾಯಿತು. ಆಂಧ್ರದಿಂದ ಬಂದ ರೈತರು ಕ್ಯಾಂಪು ಕಟ್ಟಿಕೊಂಡರು. ನಮ್ಮ ಹೊಲಕ್ಕೆ ಕಾಲುವೆ ಬರಲಿಲ್ಲ, ಕಾಲುವೆ ಇದ್ದಲ್ಲಿಗೆ ನಮ್ಮವರೇ ಹೋದರು. ನೆಲ್ಲು ಹಚ್ಚುವ ದಿನಗಳಲ್ಲಿ ಅಮ್ಮ ಹದಿನೈದಿಪ್ಪತ್ತು ಹೆಣ್ಣುಮಕ್ಕಳ ಗುಂಪಿನ ಜೊತೆ ಕ್ಯಾಂಪಿಗೆ ಹೋಗಿ, ಸೊಂಟ ಬಗ್ಗಿಸಿ ದಿನವೆಲ್ಲ ಕೆಸರಲ್ಲಿ ನಿಲ್ಲುತ್ತಿದ್ದಳು. ಬೆರಳ ಸಂದಿ ಕೆಸರುಹುಣ್ಣಾಗಿ ಬಿಳಿಚಿಕೊಂಡಿರುತ್ತಿತ್ತು. ತಾತ ಹಟ್ಟಿ ಚಿನ್ನದ ಗಣಿಯಲ್ಲಿ ನೆಲದಡಿ ದುಡಿದವನು. ದೇಶಕ್ಕೆ ಬಂಗಾರ ತೆಗೆದುಕೊಟ್ಟ ಗಂಡನ ಹೆಂಡತಿಯ ಕಿವಿಯಲ್ಲಿದ್ದದ್ದು ಹಿತ್ತಾಳೆಯ ಬೆಂಡೋಲೆ. ‘ನಿನ್ನ ಗಂಡ ಒಂದು ಚೂರು ಬಂಗಾರನೂ ತರಲಿಲ್ಲೇನಬೇ?’ ಅಂತ ಓಣಿಯವರು ಚಾಷ್ಟಿ ಮಾಡಿದರೆ, ‘ತಂದಾನಲ್ಲ, ಕೋಟಿನ ತುಂಬ ಧೂಳಾ’ ಅಂತ ನಗುತ್ತಿದ್ದಳು.

ಹೆಬ್ಬೆಟ್ಟಿನ ಅಮ್ಮನಿಗೆ ಬೈಬಲು ಕಿವಿಯಿಂದಲೇ ಬಂದದ್ದು. ನದಿಯಾಚೆಯ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಅನುವಾದಕ್ಕೆ ಕುಳಿತರು. 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿತ್ತು. ಆಮೇಲೆ ಎಷ್ಟೋ ಸಲ ತಿದ್ದುಪಡಿಯಾಗಿದೆ. ಯೇಸು ಬೆಟ್ಟದ ಮೇಲೆ ಮಾಡಿದ ಪ್ರಸಂಗದಲ್ಲಿ ಬಡವರನ್ನು, ಅಳುವವರನ್ನು, ಹಸಿದವರನ್ನು ಹೆಸರಿಸಿ ಇವರೇ ‘ಧನ್ಯರು’ ಅನ್ನುತ್ತಾನೆ. ಅನುವಾದಕರು ಇಲ್ಲಿ ‘ಸುಖಿಗಳು’ ಅಂತ ಹಾಕಬಹುದಿತ್ತು, ‘ಸಂತೋಷವಂತರು’ ಅಂತಲೂ ಹಾಕಬಹುದಿತ್ತು. ಹಾಕಲಿಲ್ಲ, ಒಳ್ಳೆಯದಾಯಿತು. ಅಳುತ್ತಿರುವವನನ್ನು ಸುಖಿ ಅಂದರೆ ಅದು ಗೇಲಿ. ಧನ್ಯ ಅನ್ನಬಹುದು. ಅಮ್ಮನ ಕಿವಿಗೆ ಮಾತ್ರ ಆ ಪದ ಬೇರೆಯೇ ಆಗಿ ಬಿದ್ದಿತ್ತು. ಅವಳು ಕೊನೆಯವರೆಗೂ ಹೇಳಿದ್ದು ‘ಬಡವರು ಧಾನ್ಯರು’ ಅಂತಲೇ. ಜೋಳ, ಸಜ್ಜೆ, ತೊಗರಿ ಇದ್ದಂತೆ ಬಡವರೂ ದೇವರ ಕಣಜದ ಧಾನ್ಯ. ನಾನು ಹೈಸ್ಕೂಲಿಗೆ ಬಂದ ಮೇಲೆ ತಿದ್ದಲು ನೋಡಿದೆ. ‘ಹೌದೇನು? ನಿನ್ನ ಪುಸ್ತಕದಾಗ ಹಂಗಿರಬೇಕು ಬಿಡು’ ಅಂದಳು.

ಅದಕ್ಕೇ ಇರಬೇಕು, ಆ ಡಬ್ಬಿಯ ಮೇಲೆ ಅವಳಿಗೆ ಅಷ್ಟು ನಿಗಾ. ಹಳೆಯದೊಂದು ಡಾಲ್ಡಾ ಡಬ್ಬಿ. ಹಳದಿ ಬಣ್ಣ ಕಿತ್ತು, ಅದರ ಮೇಲಿನ ತೆಂಗಿನಮರ ಅರ್ಧ ಉಳಿದಿತ್ತು. ಎಸರಿಗೆ ಅಕ್ಕಿ ಹಾಕುವ ಮುಂಚೆ ಒಂದು ಹಿಡಿ ತೆಗೆದು ಅದರಲ್ಲಿ ಹಾಕಬೇಕು. ಅನ್ನ ಮಾಡದ ದಿನ ಒಂದು ಹಿಡಿ ಜೋಳ. ಬಹಳ ಸಭೆಗಳಲ್ಲಿ ಹೆಣ್ಣುಮಕ್ಕಳಿಗೆ ಈ ಹಿಡಿ ಅಕ್ಕಿಯ ರೂಢಿ ಉಂಟು. ಭಾನುವಾರ ಅಕ್ಕಿ-ಜೋಳ ಕಲಬೆರಕೆಯಾದ ಆ ಡಬ್ಬಿ ಸೆರಗಿನಡಿ ಅಡಗಿ ಗುಡಿಗೆ ಹೋಗುತ್ತಿತ್ತು. ಗುಡಿ ಅಂದರೆ ಚರ್ಚು. ನಮ್ಮ ಓಣಿಯಲ್ಲಿ ಅದಕ್ಕೂ ಗುಡಿ ಅಂತಲೇ ಅನ್ನುತ್ತಿದ್ದದ್ದು. ವರ್ಷಕ್ಕೊಮ್ಮೆ ಸುಗ್ಗಿಯ ಆರಾಧನೆಯಾದ ಮೇಲೆ ಕಾಣಿಕೆಗೆ ಬಂದ ಕುಂಬಳಕಾಯಿ, ಕೋಳಿ, ಶೇಂಗಾ ಎಲ್ಲ ಲಿಲಾವು. ಒಂದು ವರ್ಷ ಅಮ್ಮ ತನ್ನ ಯಾಟಿ ಕೋಳಿ ಕೊಟ್ಟಳು. ಲಿಲಾವಿನಲ್ಲಿ ಅದು ಕೂಗಿದ್ದೇ ತಡ, ಕರುಳು ಚುರ್ ಅಂದು, ಎಲ್ಲರಿಗಿಂತ ಹೆಚ್ಚು ಕೂಗಿ ತಾನೇ ಬಿಡಿಸಿಕೊಂಡು ಬಂದಳು. ಸಾಲ ತೀರಿಸಲು ಎರಡು ವಾರ ಹಿಡಿಯಿತು.

ಮಸ್ಕಿ ಅವಳ ತವರು. ಊರ ಮಗ್ಗುಲಿನ ಗುಡ್ಡದ ಕಲ್ಲಿನ ನೆರಳಲ್ಲಿ ಚಿಕ್ಕವಳಿದ್ದಾಗ ಕಟ್ಟಿಗೆ ಹೊರೆ ಇಳಿಸಿ ದಣಿವಾರಿಸಿಕೊಂಡವಳು. ಆ ಗುಡ್ಡದಲ್ಲೇ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಅಶೋಕನ ಶಾಸನ ಕಂಡದ್ದು. ಬಂಗಾರದ ಜಾಡು ಹುಡುಕುವ ಕಸುಬಿನವನ ಕೈಗೆ ಸಿಕ್ಕದ್ದು ಬ್ರಾಹ್ಮೀ ಅಕ್ಷರ! ಅಲ್ಲಿಯವರೆಗೆ ‘ದೇವಾನಾಂಪ್ರಿಯ’ನ ಶಾಸನಗಳಲ್ಲಿ ಬಿರುದು ಮಾತ್ರ ಇತ್ತು, ಆ ದೇವಾನಾಂಪ್ರಿಯ ಅಶೋಕನೇ ಅಂತ ಹೆಸರಿಟ್ಟು ಹೇಳಿದ್ದು ಮಸ್ಕಿಯ ಕಲ್ಲು. ಶಾಲೆಯ ಮಕ್ಕಳೆಲ್ಲ ಇಷ್ಟನ್ನು ಬಾಯಿಪಾಠ ಮಾಡುತ್ತಾರೆ. ಆ ಶಾಸನ ಹೇಳುವುದೇನು ಅಂತ ಕೇಳಿದರೆ ತಡವರಿಸುತ್ತಾರೆ, ನಾನೂ ತಡವರಿಸುತ್ತಿದ್ದೆ. ಬಿ.ಎ.ಗೆ ಬಂದ ಮೇಲೆ ಓದಿ ತಿಳಿದೆ: ದೊಡ್ಡವರಿಗಷ್ಟೇ ಇದು ದಕ್ಕುತ್ತದೆ ಅಂತ ತಿಳಿಯಬೇಡಿ, ಧರ್ಮದಲ್ಲಿ ಮನಸ್ಸಿಟ್ಟರೆ ಸಣ್ಣವನೂ ಪಡೆಯಬಲ್ಲ ಅಂತ ಅದರ ಸಾರ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಮಾತು.

ಅಮ್ಮನಿಗೆ ಹೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. ‘ಅಷ್ಟು ದೊಡ್ಡ ರಾಜಗ ಇದು ಗೊತ್ತಿತ್ತಾ?’

‘ಗೊತ್ತಿತ್ತು.’

‘ಮತ್ತ ನಮ್ಮೂರ ಗೌಡಗ್ಯಾಕ ಗೊತ್ತಾಗಲಿಲ್ಲ?’

ಉತ್ತರ ನನ್ನಲ್ಲಿರಲಿಲ್ಲ. ನಿಜಾಮರ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಇಪ್ಪತ್ತರ ಮೊದಲಿಗೆ ಊರಿಗೆ ಊರೇ ಸಭೆ ಸೇರಿದವರು ಬಹುಪಾಲು ನಮ್ಮಂಥವರೇ, ಊರ ಹೊರಗಿನ ಕೇರಿಯವರು. ಯಾಕೆ ಸೇರಿದರು ಎಂಬುದಕ್ಕೆ ವಿದ್ವಾಂಸರು ಪುಟಗಟ್ಟಲೆ ಬರೆದಿದ್ದಾರೆ. ಅಮ್ಮನ ಅಪ್ಪ ಹೇಳಿದ್ದು ಒಂದೇ ಕಾರಣವಂತೆ: ಪ್ರಾರ್ಥನೆಗೆ ಹಾಸಿದ ಜಮಖಾನೆಯ ಮೇಲೆ ‘ಮುಂದಕ ಬಂದು ಕುಂದರ್ರಿ’ ಅಂದರು. ಹಿಂದೆ ಸರಿ ಅನ್ನಿಸಿಕೊಂಡೇ ಬೆಳೆದವನಿಗೆ ಆ ‘ರ್ರಿ’ ಎಂಬ ಪ್ರತ್ಯಯ ಸಾಕಾಯಿತು. ಬಹುವಚನ ಅಷ್ಟು ಅಗ್ಗದ್ದಲ್ಲ. ಹಾಗಂತ ಜಮಖಾನೆಯ ಮೇಲೆ ಜಾತಿ ಸತ್ತುಹೋಯಿತು ಅಂತ ನಾನು ಹೇಳಲಾರೆ. ಲಗ್ನದ ಮಾತು ಬಂದಾಗ ನಮ್ಮವರೂ ಕೇರಿ ಕೇಳುತ್ತಾರೆ, ಆರಾಧನೆ ಮುಗಿಸಿ ಹೊರಬಂದ ಐದೇ ನಿಮಿಷಕ್ಕೆ.

ಕ್ರಿಸ್ತ ಇಂಗ್ಲಿಷರ ಸಾಮಾನಿನ ಜೊತೆ ಬಂದವ ಅಂತ ಯಾರಾದರೂ ವಾದಕ್ಕೆ ನಿಂತರೆ ನಾನು ಮುದಗಲ್ಲಿನ ಬಸ್ಸು ತೋರಿಸುತ್ತೇನೆ. ನಮ್ಮ ತಾಲೂಕಿನದೇ ಊರು, ಕೋಟೆಗೂ ಮೊಹರಮ್ಮಿಗೂ ಹೆಸರಾದದ್ದು. ಗೋವೆಯ ಕಡೆಯಿಂದ ಬಂದ, ಸಂತ ಫ್ರಾನ್ಸಿಸ್ ಜೇವಿಯರರ ಬಳಗದ ಪಾದ್ರಿಗಳಿಂದ ಬೆಳೆದ ಕಥೋಲಿಕ ಸಭೆ ಅಲ್ಲಿದೆ. ಅಲ್ಲಿನ ಚರ್ಚು 1557ಕ್ಕೂ ಮೊದಲಿನದು, ಬಿಜಾಪುರದ ಅರಸರು ಅದಕ್ಕೆ ಮಾನ್ಯ ಕೊಟ್ಟಿದ್ದರು ಅಂತ ಹಳೆಯ ಗ್ಯಾಜೆಟಿಯರು ಬರೆದಿದೆ. ಅಂದರೆ ತಾಳಿಕೋಟೆಯ ಕಾಳಗಕ್ಕಿಂತ ಹಳೆಯದು. ಈಸ್ಟ್ ಇಂಡಿಯಾ ಕಂಪನಿ ಆಗಿನ್ನೂ ಹುಟ್ಟೇ ಇರಲಿಲ್ಲ. ನಾವು ಪ್ರೊಟೆಸ್ಟಂಟರು. ‘ಅವರದು ಮುತ್ಯಾನ ಮನಿ, ನಮ್ಮದು ಬ್ಯಾರಿ ಇಟ್ಟ ಮೊಮ್ಮಕ್ಕಳ ಮನಿ’ ಅಂತ ಅಮ್ಮ ಎರಡು ಸಭೆಯ ಜಗಳವನ್ನು ಒಂದು ಮಾತಲ್ಲಿ ಮುಗಿಸಿದ್ದಳು.

ಪ್ರಾರ್ಥನೆಯ ನಡುವೆ ಸರ್ವಜ್ಞನ ತ್ರಿಪದಿ ತೂರಿಸುವ ಚಟವೂ ಅವಳಿಗಿತ್ತು. ನಮ್ಮ ಸಭೆಯ ಪಾಸ್ಟರಾದ ಅಯ್ಯನವರ ಮುಖ ಹುಳ್ಳಗಾಗುತ್ತಿತ್ತು. ಊರೂರು ಅಲೆದು ಸರ್ವಜ್ಞನ ವಚನ ಕೂಡಿಹಾಕಿ 1924ರಲ್ಲಿ ಅಚ್ಚು ಹಾಕಿಸಿದ ಉತ್ತಂಗಿ ಚನ್ನಪ್ಪನವರು ಸ್ವತಃ ಪಾದ್ರಿ, ತುಂಗಭದ್ರೆಯಾಚೆಯ ಹೂವಿನಹಡಗಲಿಯಲ್ಲಿ ಸೇವೆ ಮಾಡಿದವರು, 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಎಂಬುದು ಆಗ ನನಗೆ ತಿಳಿದಿದ್ದರೆ ಅಮ್ಮನ ಪರ ವಾದ ಹೂಡುತ್ತಿದ್ದೆ.

ಅಪ್ಪನ ತಮ್ಮ, ನಮ್ಮ ಕಾಕಾ, ತೀರಿಕೊಂಡದ್ದು ಬೆಂಗಳೂರಿನಲ್ಲಿ. ಮಳೆ ಕೈಕೊಟ್ಟ ವರ್ಷ ಗುಳೆ ಹೋದವನು, ಕಟ್ಟಡದ ಸೆಂಟ್ರಿಂಗ್ ಕೆಲಸದಲ್ಲಿ ಮೇಲಿಂದ ಬಿದ್ದ. ಹೆಣ ಬೆಳಗಿನ ಜಾವ ಊರು ಮುಟ್ಟಿತು. ಅಂದಿನಿಂದ ಅಮ್ಮನ ಬಾಯಲ್ಲಿ ಸ್ತೋತ್ರ ನಿಂತಿತು. ಗುಡಿಗೆ ಬರುತ್ತಿದ್ದಳು, ಗೋಡೆಗೆ ಆತು ಕೂಡುತ್ತಿದ್ದಳು. ಹಾಡಿಗೆ ತುಟಿ ಆಡುತ್ತಿರಲಿಲ್ಲ. ಒಂದು ಭಾನುವಾರ ಅಯ್ಯನವರು ಹತ್ತಿರ ಬಂದು, ಪೌಲ ಸೆರೆಮನೆಯಲ್ಲಿ ಕುಳಿತು ಫಿಲಿಪ್ಪಿಯವರಿಗೆ ಬರೆದ ಪತ್ರದ ತುಂಬ ಸಂತೋಷದ ಮಾತೇ ಇದೆ, ವಿಶ್ವಾಸಿಗಳು ಹೀಗೆ ಕುಗ್ಗಬಾರದು ಅಂದರು. ಒಳ್ಳೆಯ ಮನುಷ್ಯ, ಒಳ್ಳೆಯದಕ್ಕೇ ಹೇಳಿದ್ದು.

‘ಅಯ್ಯಾರ, ಲಾಜರ ಸತ್ತಾಗ ಯೇಸುಸ್ವಾಮಿ ಅತ್ತನೋ ಇಲ್ಲೋ?’ ಅಂದಳು ಅಮ್ಮ.

‘ಅತ್ತನವ್ವಾ.’

‘ಎಬ್ಬಸ್ತೀನಿ ಅಂತ ಗೊತ್ತಿದ್ದೂ ಅತ್ತ. ನನಗ ಎಬ್ಬಸಾಕ ಬರಂಗಿಲ್ಲ. ನಾ ಅಳಬಾರದೇನ್ರಿ?’

ಅಯ್ಯನವರು ಅಲ್ಲೇ ಅವಳ ಬಾಜೂಕ ಕುಂತುಬಿಟ್ಟರು. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಅವರ ಪ್ರಸಂಗಗಳಲ್ಲಿ ಅದೇ ಚಲೋದು ಅಂತ ಅವ್ವ ಈಗಲೂ ಹೇಳುತ್ತಾಳೆ.

ಆ ದಿನಗಳಲ್ಲಿ ನಾನು ಗಮನಿಸದೆ ಅವ್ವ ಗಮನಿಸಿದ್ದು ಇನ್ನೊಂದಿತ್ತು. ಬಾಯಿ ನಿಂತರೂ ಕೈ ನಿಂತಿರಲಿಲ್ಲ. ಎಸರು ಕುದಿಯುವ ಹೊತ್ತಿಗೆ ಅಮ್ಮ ಎದ್ದು, ಯಾರ ಮುಖವನ್ನೂ ನೋಡದೆ, ಹಿಡಿ ಅಕ್ಕಿ ಡಬ್ಬಿಗೆ ಸುರಿಯುತ್ತಿದ್ದಳು. ಒಂದು ದಿನವೂ ತಪ್ಪಲಿಲ್ಲವಂತೆ. ಮಣ್ಣು ಮಾಡಿ ಬಂದ ಸಂಜೆಯೂ.

ಸ್ತೋತ್ರ ಮರಳಿದ್ದು ಐದಾರು ತಿಂಗಳ ಮೇಲೆ, ಒಂದು ಬೆಳಿಗ್ಗೆ, ಒಲೆಯ ಮುಂದೆ. ಹಿಟ್ಟು ನಾದಿ, ಅಂಗೈಯಲ್ಲಿ ಬಡಿದು, ತಿರುಗಿಸಿ ತಿರುಗಿಸಿ ಅಗಲ ಮಾಡಿ ಹಂಚಿಗೆ ಹಾಕಿದಳು. ಮೇಲೆ ನೀರು ಸವರಿ, ಅರಿವೆಯಿಂದ ಒತ್ತಿದಳು. ಮಗುಚಿದಾಗ ರೊಟ್ಟಿ ಒಂದು ಅಂಚಿನಿಂದ ಉಸಿರು ತುಂಬಿಕೊಳ್ಳುತ್ತ ಬಂದು ಪೂರಾ ಉಬ್ಬಿ ನಿಂತಿತು. ‘ಸ್ತೋತ್ರ’ ಅಂದಳು. ಬಾಗಿಲಲ್ಲಿ ಕೊಡ ಹೊತ್ತು ನಿಂತಿದ್ದ ಅವ್ವ ಕೊಡ ಇಳಿಸುವುದನ್ನೇ ಮರೆತಳು. ಅಮ್ಮ ತಿರುಗಿ ನೋಡಲಿಲ್ಲ. ಮುಂದಿನ ರೊಟ್ಟಿಗೆ ಹಿಟ್ಟು ಮುರಿದುಕೊಂಡಳು.

ಸಿಂಧನೂರು ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ಈಗ ಸಂತೋಷದ ಪೋಸ್ಟರುಗಳಿಗೆ ಬರವಿಲ್ಲ. ಮೂಲವ್ಯಾಧಿ ಡಾಕ್ಟರು, ನವೋದಯ ಕೋಚಿಂಗು, ನಡುವೆ ಬಿಳಿ ಕೋಟಿನ ಪ್ರಸಂಗಿಯೊಬ್ಬರ ನಗುಮುಖ: ಮೂರು ದಿನದ ಕೂಟಕ್ಕೆ ಬನ್ನಿ, ಸಾಲ ಹರಿಯುತ್ತದೆ, ರೋಗ ಹೋಗುತ್ತದೆ, ಕಣ್ಣೀರು ಇಂಗುತ್ತದೆ. ನನಗೆ ಇಂಥ ಪೋಸ್ಟರು ಕಂಡರೆ ಆಗುವುದಿಲ್ಲ. ಅಮ್ಮನ ಸಾಲ ಹರಿಯಲಿಲ್ಲ, ಅವಳು ಸತ್ತ ಮೇಲೆ ಅಪ್ಪ ತೀರಿಸಿದ. ಮೊಣಕಾಲು ನೋವು ಅವಳ ಜೊತೆಗೇ ಹೋಯಿತು. ಅವಳ ಸಂತೋಷ ಇವ್ಯಾವುದರ ಬದಲಿಗೆ ಸಿಕ್ಕದ್ದೂ ಅಲ್ಲ, ಇವು ಇದ್ದವು ಅಂತ ಬಿಟ್ಟುಹೋದದ್ದೂ ಅಲ್ಲ. ಬಸ್ಸು ತಪ್ಪಿದ ಹೊತ್ತಲ್ಲಿ ರೊಟ್ಟಿ ತಿನ್ನಿಸುವ ಸಂತೋಷ ಅದು. ಪೋಸ್ಟರಿಗೆ ಫೋಟೋ ಕೊಡುವಂಥದ್ದಲ್ಲ.

ಡಬ್ಬಿ ಈಗ ಸಿಂಧನೂರಿನ ನಮ್ಮ ಬಾಡಿಗೆ ಮನೆಯಲ್ಲಿದೆ. ಊರಿಂದ ಸಾಮಾನು ತರುವಾಗ ಅವ್ವ ಅದನ್ನು ಬಿಡಲಿಲ್ಲ. ಸುಮಾರು ವರ್ಷ ಅದರಲ್ಲಿ ಕರೆಂಟ್ ಬಿಲ್ಲು, ಗ್ಯಾಸಿನ ಚೀಟಿ, ಕೆಟ್ಟ ಟಾರ್ಚಿನ ಸೆಲ್ಲು ತುಂಬಿಟ್ಟಿದ್ದೆ. ಹೋದ ಶನಿವಾರ ಅವನ್ನೆಲ್ಲ ತೆಗೆದು ಬೇರೆ ಕಡೆ ಇಟ್ಟು, ಡಬ್ಬಿ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದೇನೆ. ಸದ್ಯಕ್ಕೆ ಅದು ಖಾಲಿ ಇದೆ.