ಮೂವತ್ತು ವರ್ಷದ ಮೇಲೊಂದು ನಡಿಗೆ

ಸ್ಟಾಕ್‌ಹೋಮ್‌ನಲ್ಲಿರುವ ಮಗ ಫೋನ್ ಮಾಡಿದಾಗಲೆಲ್ಲ ಒಂದೇ ಸುದ್ದಿ: ರಜೆಯ ದಿನ ತಾನೂ ಸೊಸೆಯೂ ಅಲ್ಲಿಯ ಹಳೇ ಪೇಟೆ ಗಾಮ್ಲಾ ಸ್ತಾನ್‌ನ ಓಣಿಗಳನ್ನು ಕಾಲ್ನಡಿಗೆಯಲ್ಲೇ ಸುತ್ತಿದೆವೆಂದು. ಒಮ್ಮೆ ಕೇಳಿದ: "ಅಬ್ಬಾ, ನೀವು ಅಮ್ಮೀನ ಕರಕೊಂಡು ಯಾವತ್ತರ ವಿಜಾಪುರ ಸುತ್ತೀರೇನು?"

ನಾನು ಸುಮ್ಮನಾದೆ. ಇಂಡಿಯಿಂದ ವಿಜಯಪುರಕ್ಕೆ ಹೋಗಿ ಬಂದದ್ದಕ್ಕೆ ಲೆಕ್ಕವಿಲ್ಲ. ಆದರೆ ನಿಂಬೆಹಣ್ಣಿನ ವ್ಯಾಪಾರಕ್ಕೆ ನಾನೊಬ್ಬನೇ ಹೋಗುತ್ತಿದ್ದೆ. ಮದುವೆಯಾದ ಮೂವತ್ತು ವರ್ಷಗಳಲ್ಲಿ ಅವಳು ಜೊತೆಗೆ ಬಂದದ್ದು ಆಸ್ಪತ್ರೆಗೆ ಮಾತ್ರ.

ಮರುವಾರವೇ ಹೊರಟೆವು. ಬಸ್ಸಿಳಿದು, ಮಲಿಕ್-ಎ-ಮೈದಾನ್ ತೋಪು ನೋಡಿಕೊಂಡು, ಕೋಟೆಯಾಚೆಯ ಇಬ್ರಾಹಿಂ ರೋಜಾಕ್ಕೆ ನಡೆದೆವು. ಮೊಣಕಾಲು ನೋವಿನ ಅವಳು ಅಲ್ಲಲ್ಲಿ ಕೂರುತ್ತಿದ್ದಳು. ಸದಾ ನಾಲ್ಕು ಹೆಜ್ಜೆ ಮುಂದೆ ನಡೆದು ರೂಢಿಯಾದ ನಾನು ಅಂದು ನಿಂತು ಕಾಯುವುದನ್ನು ಕಲಿತೆ.

ಎರಡನೇ ಇಬ್ರಾಹಿಂ ಆದಿಲ್ ಷಾ ಆ ರೋಜಾವನ್ನು ಕಟ್ಟಿಸಿದ್ದು ರಾಣಿ ತಾಜ್ ಸುಲ್ತಾನಾಳಿಗಾಗಿ. ಆದರೆ 1627ರಲ್ಲಿ ಮೊದಲು ತೀರಿಕೊಂಡವನು ಅವನೇ, ಅಲ್ಲೇ ದಫನವಾದ. ಇದನ್ನು ಹೇಳಿದಾಗ ಗೋರಿಗಳ ಕಡೆ ನೋಡುತ್ತ ಅವಳು ಕೇಳಿದಳು:

"ಬದುಕಿದ್ದಾಗ ಇಬ್ರೂ ಕೂಡಿ ಇಲ್ಲಿ ಅಡ್ಡಾಡಿದ್ರೇನ್ರೀ?"

ನನ್ನಲ್ಲಿ ಉತ್ತರವಿರಲಿಲ್ಲ. ಮರಳುವಾಗ ಅವಳ ಚೀಲ ನನ್ನ ಕೈಯಲ್ಲಿತ್ತು.