ಸಾಲೋಟಗಿಗೆ ಒಂದು ಟಿಕೆಟ್

1959ರ 'ಜಗಜ್ಯೋತಿ ಬಸವೇಶ್ವರ'ದಲ್ಲಿ ಹೊನ್ನಪ್ಪ ಭಾಗವತರನ್ನು ಕಂಡು ಕೈಮುಗಿದ ಗೆಳೆಯರೇ, ಬಸವಣ್ಣ ಹುಟ್ಟಿದ ಬಾಗೇವಾಡಿ ನೋಡೀರೇನು? ಒಂದು ರವಿವಾರ ಮ್ಯಾಟಿನಿ ಬಿಡ್ರಿ, ಬಸ್ ಹತ್ರಿ. ಮುದ್ದೇಬಿಹಾಳದ ಕಡೆ ಹೊರಳಿದರೆ ಕೃಷ್ಣೆಯ ದಂಡೆಗೆ ತಂಗಡಗಿ, ನೀಲಾಂಬಿಕೆ ಐಕ್ಯಳಾದ ಊರು.

ನನ್ನ ಮನಸ್ಸು ಸಿಕ್ಕಿಬಿದ್ದದ್ದು ಮಾತ್ರ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಶಾಲೆ ಕಟ್ಟಿಸಿದ್ದ. ನಾನಾ ನಾಡಿನ ಹುಡುಗರು ಬರುತ್ತಿದ್ದರಂತೆ. ಅವರ ವಾಸಕ್ಕೆ ಮನೆ, ದೀಪಕ್ಕೆ ಪ್ರತ್ಯೇಕ ಭೂಮಿ ಬಿಟ್ಟದ್ದನ್ನು 945ರ ಶಾಸನ ಹೇಳುತ್ತದೆ.

ಹಾಸ್ಟೆಲ್ ಸಿಗದೆ ಪಿ.ಯು.ಸಿ. ಬಿಟ್ಟವನು ನಾನು. ಸಾವಿರ ವರ್ಷದ ಹಿಂದಿನ ಹುಡುಗರ ಮೇಲೆ ಹೊಟ್ಟೆಕಿಚ್ಚಾಯಿತು, ನೋಡ್ರಿ! ಆ ಅಗ್ರಹಾರದಲ್ಲಿ ನನ್ನಂಥವನಿಗೆ ಜಾಗ ಇರುತ್ತಿತ್ತೇ? ಆ ಪ್ರಶ್ನೆಯನ್ನೇ ಬಾಗೇವಾಡಿಯ ಹುಡುಗ ಮುಂದೆ ಜಗತ್ತಿಗೆ ಕೇಳಿದ. ಅದಕ್ಕೇ ಹೇಳತೀನಿ, ಎರಡೂ ಊರು ನೋಡ್ರಿ. ಓದುವ ತಮ್ಮನಿದ್ದರೆ ಅವನ ಟಿಕೆಟ್ಟೂ ನೀವೇ ತೆಗೀರಿ.